ಲಿಂಗವಸ್ತ್ರದಲ್ಲಿದ್ದ ಟಿಕೀಟು

೧೯೩೪ನೆಯ ಇಸವಿ ನವೆಂಬರ ತಿಂಗಳ ಹನ್ನೆರಡನೆಯ ತಾರೀಖು, ಕಾರ್ತಿಕ ಸೋಮವಾರ ಮಧ್ಯಾಹ್ನ, ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲ್ವೆ ಕಂಪನಿಯ ತಪಾಸಣೆ ಇನ್ಸ್‌ಪೆಕ್ಟರನೊಬ್ಬನು ಮೂಡಲಗಿಯ ಮಾಲಿಂಗಪ್ಪ ಹೂಗಾರನೆಂಬ ಮುದುಕನು ನ್ಯಾಯವಾಗಿ ಕೊಂಡಿದ್ದ ಟಿಕೀಟನ್ನು ಅವನ ಕೈಯಿಂದ ತೆಗೆದುಕೊಂಡನು. ತೆಗೆದುಕೊಂಡ ಮೇಲೂ ಅವನನ್ನು ಟಿಕೀಟಿಲ್ಲದೆ ಪ್ರಯಾಣ ಮಾಡಿದವನೆಂದು ಬರೆದದ್ದನ್ನು ಹೊಡೆದು ಹಾಕಲಿಲ್ಲ. ಆ ಟಿಕೀಟು ಇಂದಿನವರೆಗೂ ಮರಳಿ ಬಂದಿಲ್ಲ.

ಮಾಲಿಂಗಪ್ಪನನ್ನು ಅರಿಯದವರಿಗಾಗಿ ಇಷ್ಟು ಹೇಳಬೇಕು. ಅವನು ಪತ್ರಿ ಕೊಡುವ ಮನೆತನದವನು. ಬೆಳಗಿನ ಜಾವ ಹಳ್ಳದ ದಂಡೆಯ ಬಿಲ್ವದ ಗಿಡಗಳಿಂದ ಪತ್ರಿ ಹರಿದು, ಅದರ ಮೇಲೆ ನಾಲ್ಕು ಕಣಗಿಲ ಹೂವಿಟ್ಟು, ಲಿಂಗವಂತರ ಮನೆಮನೆಗೆ ಪೂಜೆಯ ಹೊತ್ತಿಗೆ ಮುಟ್ಟಿಸುವುದು ಅವನ ಕಾಯಕ. ಅವನ ಅಪ್ಪನೂ ಅದನ್ನೇ ಮಾಡಿದ್ದನು. ಸುಗ್ಗಿಯಲ್ಲಿ ಕೊಟ್ಟವರ ಕಣಕ್ಕೆ ಹೋಗಿ ಕೊಟ್ಟಷ್ಟು ಕಾಳು ತರುವನು. ಕೊಡದವರ ಮನೆಗೂ ಮರುದಿನ ಪತ್ರಿ ತಪ್ಪುತ್ತಿರಲಿಲ್ಲ. ಹುಳ ತಿಂದ ಎಲೆ, ಎರಡೇ ದಳದ ಎಲೆ ಅವನ ಬುಟ್ಟಿಯಲ್ಲಿ ಬಂದದ್ದನ್ನು ಕಂಡವರಿಲ್ಲ. ಮಾತು ಕಡಿಮೆ, ನಡೆ ನಿಧಾನ. ಸಿಟ್ಟು ಬಂದರೆ ಬುಟ್ಟಿಯನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಿಸುವನು, ಅಷ್ಟೇ.

ಅವನ ಮಗಳು ಪಾರವ್ವನನ್ನು ಮಿರಜಿಗೆ ಕೊಟ್ಟಿತ್ತು. ವರ್ಷಕ್ಕೊಂದು ಸಲ, ಹೆಚ್ಚೆಂದರೆ ಎರಡು ಸಲ, ಅವನು ರೈಲು ಹತ್ತುತ್ತಿದ್ದನು. ಆಗ ಟಿಕೀಟನ್ನು ಅವನು ಇಟ್ಟುಕೊಳ್ಳುತ್ತಿದ್ದ ಜಾಗವೇ ಈ ಕಥೆಯ ಮೂಲ. ಉಳ್ಳವರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಧರಿಸುತ್ತಾರೆ. ಇಲ್ಲದವರು ಬಿಳಿಯ ವಸ್ತ್ರದಲ್ಲಿ ಸುತ್ತಿ, ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಮಾಲಿಂಗಪ್ಪನದು ವಸ್ತ್ರ. ಸೊಂಟದ ಚೀಲವನ್ನು ಕತ್ತರಿಸುವ ಕಳ್ಳರಿದ್ದಾರೆ, ರುಮಾಲಿನೊಳಗಿಟ್ಟರೆ ಗಾಳಿಗೆ ಹಾರಿ ಹೋದೀತು. ಆದರೆ ಎದೆಯ ಮೇಲಿನ ಈ ಗಂಟಿಗೆ ಎಂಥ ಕಳ್ಳನೂ ಕೈ ಹಾಕಲಾರನು ಎಂಬುದು ಅವನ ಲೆಕ್ಕ. ಸ್ಟೇಶನ್ನಿನ ಬಾವಿಯಲ್ಲಿ ಕೈಕಾಲು ತೊಳೆದು, ಒಂದು ಮೂಲೆಯಲ್ಲಿ ಮೂಡಲಿಗೆ ಮುಖ ಮಾಡಿ ಕುಳಿತು, ಹೊದ್ದ ವಲ್ಲಿಯ ಮರೆಯಲ್ಲಿ ವಸ್ತ್ರವನ್ನು ಬಿಚ್ಚಿ, ಹೊರಗಿನ ಮಡಿಕೆಯಲ್ಲಿ ಟಿಕೀಟನ್ನಿಟ್ಟು ಮತ್ತೆ ಕಟ್ಟುವನು. ಇಳಿದಲ್ಲಿಯೂ ಇದೇ ಕ್ರಮ. ಘಟಪ್ರಭಾ ಸ್ಟೇಶನ್ನಿನಲ್ಲಿ ಬೇವಿನ ಗಿಡದ ಕೆಳಗೆ ಒಂದು ನೀರಿನ ಹೌದಿತ್ತು. ಗೇಟಿನಲ್ಲಿದ್ದ ಮುದಿ ಬಾಬು ಈ ಪ್ರಯಾಣಿಕನನ್ನು ಬಲ್ಲವನಾದ್ದರಿಂದ, ಎಲ್ಲರ ಟಿಕೀಟು ತೆಗೆದುಕೊಂಡ ಮೇಲೂ ಗೇಟು ಮುಚ್ಚದೆ, "ಆತೇನೋ ಹೂಗಾರ, ಶಿವನ ಖಜಾನಿ ತಗದಿ?" ಎಂದು ಕಾಯುವನು.

ಹೆಂಡತಿ ಗೌರವ್ವನಿಗೆ ಇದು ಸರಿಕಾಣುತ್ತಿರಲಿಲ್ಲ.

"ಶಿವನ ಮಗ್ಗಲಾಗ ಕಂಪನಿ ಸರಕಾರಕ್ಕ ಜಾಗಾ ಕೊಟ್ಟೀರಿ. ನಾಳೆ ಶಿವ ಬಾಡಗಿ ಕೇಳಿದ್ರ ಏನ್ ಮಾಡ್ತೀರಿ?"

"ಕೇಳ್ಲಿ. ಅವಂಗೂ ಟಿಕೀಟ ತಗಿಸಿ ಕರಕೊಂಡ್ ಹೋಗೂನು."

ಇಷ್ಟರಲ್ಲಿ ಆ ಚರ್ಚೆ ಮುಗಿಯುತ್ತಿತ್ತು.

ಆ ಕಾರ್ತಿಕ ಸೋಮವಾರ ಅವನು ಮೊಮ್ಮಗಳ ಮುಖ ನೋಡಿ ಮಿರಜಿಯಿಂದ ಹೊರಟಿದ್ದನು. ಬೆಳಿಗ್ಗೆ ಮಗಳ ಮನೆಯಲ್ಲಿ ಸ್ನಾನ, ಪೂಜೆ. ಸ್ಟೇಶನ್ನಿನಲ್ಲಿ ಟಿಕೀಟು ಕೊಂಡು, ಬಾವಿಯ ಹತ್ತಿರ ಕುಳಿತು ಎಂದಿನಂತೆ ಅದನ್ನು ಕಟ್ಟಿಕೊಂಡದ್ದು. ಇದನ್ನು ಕಣ್ಣಾರೆ ಕಂಡವನೊಬ್ಬನಿದ್ದಾನೆ. ಅವನು ಹುಕ್ಕೇರಿಯ ಉದ್ದಪ್ಪ, ಕಂಬಳಿ ಮಾರುವವನು. ಅಂದು ಅದೇ ಬಾವಿಯಲ್ಲಿ ನೀರು ಕುಡಿದು, ರೈಲಿನ ಅದೇ ಡಬ್ಬಿಯಲ್ಲಿ ಮಾಲಿಂಗಪ್ಪನ ಪಕ್ಕದಲ್ಲಿ ಕಂಬಳಿಯ ಗಂಟಿನ ಮೇಲೆ ಕುಳಿತು ಬಂದನು. ಅದಕ್ಕೂ ಮುಂಚೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದನ್ನು ಸುಳ್ಳೆಂದು ಹೇಳಿದವರಿದ್ದಾರೆ.

ಚಿಕ್ಕೋಡಿ ರೋಡ ಸ್ಟೇಶನ್ನಿನಲ್ಲಿ ಇನ್ಸ್‌ಪೆಕ್ಟರನು ಡಬ್ಬಿಯನ್ನು ಹತ್ತಿದನು. ಓಡುವ ಗಾಡಿಯಲ್ಲಿ ಟಿಕೀಟು ಕೇಳುವುದನ್ನು ಮಾಲಿಂಗಪ್ಪನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನ ಪಾಲಿಗೆ ಟಿಕೀಟೆಂದರೆ ಗೇಟಿನಲ್ಲಿ ಕೊಡುವ ವಸ್ತು.

"ಟಿಕೀಟ ತಗಿ."

"ಐತ್ರಿ ಸಾಹೇಬ್ರ. ಘಟಪ್ರಭಾ ಬಂದ ಮ್ಯಾಲ ಕೊಡ್ತೇನ್ರಿ."

"ಈಗ ಎಲ್ಲೈತಿ?"

ಮಾಲಿಂಗಪ್ಪನು ಎದೆಯ ಮೇಲಿನ ಗಂಟನ್ನು ಮುಟ್ಟಿ ತೋರಿಸಿದನು. "ಇಲ್ಲೈತ್ರಿ."

"ಹಂಗಾದ್ರ ಬಿಚ್ಚು."

"ಇಲ್ಲಿ ಬಿಚ್ಚಾಕ ಬರೂದಿಲ್ರಿ. ಕೈಕಾಲು ತೊಳಕೊಂಡ ಬಿಚ್ಚಬೇಕು."

"ಟಿಕೀಟಿಗೂ ಮಡಿ ಬಂತೇನ ಈಗ?"

ಉದ್ದಪ್ಪನು ಬಾಯಿ ಹಾಕಿದನು: "ಟಿಕೀಟಿಗೆ ಅಲ್ರಿ ಸಾಹೇಬ್ರ. ಅದರ ಬಾಜೂಕ ಕುಂತಾರಲ್ಲ, ಅವರಿಗೆ."

ಡಬ್ಬಿಯಲ್ಲಿ ನಾಲ್ಕು ಜನ ನಕ್ಕರು. ಆ ನಗೆಯೇ ಕೇಡಾಯಿತು. ತನ್ನನ್ನು ನೋಡಿ ನಕ್ಕರೆಂದು ತಿಳಿದ ಇನ್ಸ್‌ಪೆಕ್ಟರನು ಗಂಟಿಗೇ ಕೈ ಚಾಚಿದನು. ಮಾಲಿಂಗಪ್ಪನು ಎರಡೂ ಕೈಗಳಿಂದ ಅದನ್ನು ಮುಚ್ಚಿಕೊಂಡು ಮೊಣಕಾಲಿಗೆ ಹಣೆ ಹಚ್ಚಿ ಬಾಗಿ ಕುಳಿತನು.

ಅವನು ಯಾಕೆ ಹಾಗೆ ಮಾಡಿದನೆಂಬುದನ್ನು ಈ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಂಪನಿಯವರಿಗೆ ಹೇಳಬೇಕಾಗಿದೆ. ಲಿಂಗವನ್ನು ಕಂಡಕಂಡವರ ಎದುರಿಗೆ ಬಿಚ್ಚುವ ರೂಢಿ ಇಲ್ಲ. ಆ ಡಬ್ಬಿಯ ನೆಲದ ತುಂಬ ಎಲೆಯಡಿಕೆಯ ಉಗುಳು. ಗಾಡಿಯೋ ಸೇರಿನಲ್ಲಿ ಕಾಳು ಅಲುಗಿಸಿದಂತೆ ಅಲುಗುತ್ತಿತ್ತು. ಅಂಗೈಯಿಂದ ಜಾರಿ ಲಿಂಗ ನೆಲಕ್ಕೆ ಬಿದ್ದರೆ? ಕೈಯೊಳಗಿನ ಲಿಂಗ ಬಿದ್ದವನು ಮತ್ತೆ ಅನ್ನ ಮುಟ್ಟಬಾರದು ಎಂದು ಮಾಲಿಂಗಪ್ಪನಿಗೆ ಅವನ ಅಜ್ಜ ಹೇಳಿದ್ದನು. ಅದು ಹಳೆಯ ಕಾಲದ ಕಟ್ಟುನಿಟ್ಟು, ಈಗ ಯಾರೂ ಅಷ್ಟಕ್ಕೆ ಹೋಗುವುದಿಲ್ಲ ಎಂದು ಊರಿನ ಗುರುಗಳಾದ ಅಯ್ಯನವರು ಹೇಳುವರು. ಅಜ್ಜ ಹೇಳಿದ್ದು ಮೊದಲು ಕಿವಿಗೆ ಬಿದ್ದಿತ್ತು.

ಘಟಪ್ರಭಾದಲ್ಲಿ ಗಾಡಿ ನಿಂತಾಗ ಇನ್ಸ್‌ಪೆಕ್ಟರನು ಅವನ ರಟ್ಟೆಯನ್ನು ಹಿಡಿದೇ ಇಳಿಸಿದನು. ಹೌದಿನ ಕಡೆಗೆ ಬಿಡಲಿಲ್ಲ. ಗೇಟಿನ ಮುದಿ ಬಾಬು ಹಿಂದಿನ ಮಳೆಗಾಲದಲ್ಲಿಯೇ ವರ್ಗವಾಗಿ ಹೋಗಿದ್ದನು. ಅವನ ಜಾಗದಲ್ಲಿದ್ದವನು ಹೊಸಬ. ಮಾಲಿಂಗಪ್ಪನನ್ನು ಒಳಗೆ ಒಯ್ದು, ಹೆಸರು, ಊರು, ತಂದೆಯ ಹೆಸರು ಕೇಳಿ, ಮಿರಜಿಯಿಂದ ಭಾಡೆ, ಅದರ ಮೇಲೆ ದಂಡ ಎಂದು ಬರೆದರು. ಬರೆದು ಮುಗಿದ ಮೇಲೆ ಹೊರಗೆ ಬಿಟ್ಟರು. ಉದ್ದಪ್ಪನು ತನ್ನ ಟಿಕೀಟನ್ನು ಗೇಟಿನಲ್ಲಿ ಕೊಟ್ಟು, ಹೌದಿನಿಂದ ಒಂದು ತಂಬಿಗೆ ನೀರು ತಂದು ನಿಂತಿದ್ದನು. ಮಾಲಿಂಗಪ್ಪನು ಕೈಕಾಲು ತೊಳೆದು, ಬೇವಿನ ಗಿಡದ ಕೆಳಗೆ ಕುಳಿತು, ವಲ್ಲಿಯ ಮರೆಯಲ್ಲಿ ವಸ್ತ್ರವನ್ನು ಬಿಚ್ಚಿ ಟಿಕೀಟನ್ನು ತೆಗೆದನು. ಅದನ್ನು ಎರಡೂ ಕೈಯಲ್ಲಿ ಹಿಡಿದು ಒಯ್ದು ಇನ್ಸ್‌ಪೆಕ್ಟರನ ಮುಂದೆ ಚಾಚಿದನು.

ಇನ್ಸ್‌ಪೆಕ್ಟರನು ಅದನ್ನು ತಿರುವಿ ನೋಡಿದನು. ಅದೇ ದಿನದ ಟಿಕೀಟು, ಮಿರಜಿಯದೇ.

"ನೀರಿನ ಜೋಡಿ ಇದನ್ನೂ ತಂದಕೊಟ್ಟಾ ಏನ ನಿನ್ನ ದೋಸ್ತ?"

"ನನ್ನ ಟಿಕೀಟ ಗೇಟಿನ್ಯಾಗ ಕೊಟ್ಟೇನ್ರಿ," ಎಂದನು ಉದ್ದಪ್ಪ. "ನಾ ಕಂಬಳಿ ಮಾರಾಂವ. ಟಿಕೀಟ ಮಾರೂದಿಲ್ಲ."

"ಕೇಳಿದಾಗ ತೋರಸದ ಟಿಕೀಟ ಟಿಕೀಟಲ್ಲ," ಎಂದು ಇನ್ಸ್‌ಪೆಕ್ಟರನು ಅದನ್ನು ಕೋಟಿನ ಕಿಸೆಯೊಳಗೆ ಹಾಕಿದನು. ರಸೀತಿ ಕೊಡಲಿಲ್ಲ. ಒಬ್ಬ ಕಂಬಳಿ ಮಾರುವವನು ಒಂದೇ ಊರಿನ ಎರಡು ಟಿಕೀಟು ಕೊಂಡು, ಒಂದನ್ನು ಅಪರಿಚಿತನಾದ ಮುದುಕನಿಗೆ ದಾನ ಮಾಡುವುದೇಕೆ ಎಂಬ ಪ್ರಶ್ನೆಯನ್ನು ಅಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ.

ಮಾಲಿಂಗಪ್ಪನು ಮೂಡಲಗಿಗೆ ನಡೆದು ಬಂದು, ಸಂಜೆ ಗುಡಿಯಲ್ಲಿ ದೀಪ ಹಚ್ಚಿದನು. ನಡೆದದ್ದನ್ನು ಹೆಂಡತಿಗೆ ಹೇಳಿದನು. ಗೌರವ್ವ, "ಶಿವ ಬಾಡಗಿ ಕೇಳಲಿಲ್ಲ. ಇವರು ಕೇಳಿದ್ರು," ಎಂದಳು.

ಮೊದಲನೆಯ ನೋಟೀಸು ಪುಷ್ಯಮಾಸದಲ್ಲಿ ಬಂದಿತು, ಇಂಗ್ಲೀಷಿನಲ್ಲಿ. ಅದನ್ನು ಓದಿ ಹೇಳಿದವರು ಅಣ್ಣಾಸಾಹೇಬರು. ಮೂಡಲಗಿಯಲ್ಲಿ ಇಂಗ್ಲೀಷು ಬಲ್ಲ ಜಮೀನುದಾರರು; ಅವರ ಮನೆಗೆ ಮೂರು ತಲೆಮಾರಿನಿಂದ ಪತ್ರಿ ಕೊಡುವುದು ಹೂಗಾರರೇ. ಒಳ್ಳೆಯ ಮನುಷ್ಯರು, ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ.

"ಮೂರ ರೂಪಾಯಿ ಮ್ಯಾಲ ಚಿಲ್ಲರ ಐತಿ. ನಾ ತುಂಬಿ ಕಳಸ್ತೇನಿ. ನೀ ಸುಮ್ಮಕಿರು."

"ಬ್ಯಾಡ್ರಿ ಧಣಿ. ನೀವು ತುಂಬಿದ್ರ ನಾ ನಿಮ್ಮ ಕೈಲೆ ಕಳ್ಳ ಆಗ್ತೇನಿ."

"ಇದು ಕಾಯದೆ, ಮಾಲಿಂಗಪ್ಪ. ಕಾಯದೇಕ ಕಳ್ಳ-ಸಂಭಾವಿತ ಗೊತ್ತಿಲ್ಲ. ರೊಕ್ಕ ಅಷ್ಟ ಗೊತ್ತು."

"ನನ್ನ ಟಿಕೀಟ ಅವರ ಹಂತ್ಯಾಕ ಐತ್ರಿ. ಮೊದಲ ಅದನ್ನ ಕೊಡ್ಲಿ. ಕೊಟ್ರಂದ್ರ, ದಂಡ ಅಲ್ಲ, ಅವರಿಗೆ ಬೇಕಾದ್ರ ದಕ್ಷಿಣಿ ಕೊಡ್ತೇನಿ."

ಅಣ್ಣಾಸಾಹೇಬರು ನಕ್ಕು, ಈ ಮಾತನ್ನು ಅಷ್ಟಿಷ್ಟು ನಯಮಾಡಿ ಇಂಗ್ಲೀಷಿನಲ್ಲಿ ಬರೆದು ಕಳಿಸಿದರು. ಉತ್ತರವಾಗಿ ಬಂದದ್ದು ಎರಡನೆಯ ನೋಟೀಸು. ಮುದ್ದತು ಮೀರಿದ್ದರಿಂದ ದಂಡ ಬೆಳೆದಿತ್ತು. ಮೂರನೆಯದರಲ್ಲಿ ಇನ್ನೂ ಬೆಳೆಯಿತು. ಟಿಕೀಟಿನ ಸುದ್ದಿ ಮೂರರಲ್ಲಿಯೂ ಇರಲಿಲ್ಲ.

ಊರ ಜನ ಹಗುರ ಮಾತಿನವರು, ಮನಸ್ಸಿನಲ್ಲಿ ಕೇಡಿಲ್ಲದವರು. ಸಾತವ್ವನೆಂಬ ಮುದುಕಿ, ಬಾಗಿಲಿಗೆ ಬಂದ ಪತ್ರಿಯನ್ನು ಸೆರಗಿನಲ್ಲಿ ಹಿಡಿಯುತ್ತ, "ಯಾವ ಗಿಡದ್ದೋ ಹೂಗಾರ ಇದು? ಗಿಡಾ ಕೇಳಿದಾಗ ಟಿಕೀಟ ತೋರಿಸಿ ಹರದಿಯೋ, ಹಂಗ ಹರದಿಯೋ?" ಎಂದು ಬೊಚ್ಚು ಬಾಯಿ ತೆರೆದು ನಕ್ಕಳು. ಮಾಲಿಂಗಪ್ಪನು ಬುಟ್ಟಿಯನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದನು. ಮನೆಗೆ ಬಂದು ಗೌರವ್ವನಿಗೆ ಅವನು ಹೇಳಿದ ಮಾತು ಇದು:

"ಪತ್ರಿ ಅಂದ್ರ ಏನ? ಎಲಿ. ಎಮ್ಮಿನೂ ತಿಂತೈತಿ. ನನ್ನ ಕೈಲೆ ಯಾಕ ಇಸಗೋತಾರ? ಈ ಕೈ ಮ್ಯಾಲ ಕಳ್ಳ ಅಂತ ಬರದ್ರಂದ್ರ, ಆ ಎಲಿ ಎಲೀನ."

ಎಲ್ಲ ತೊಡಕೂ ಈ ಮಾತಿನಲ್ಲಿದೆ. ದಂಡ ತುಂಬಿದರೆ ಒಪ್ಪಿಕೊಂಡಂತೆ. ಒಪ್ಪಿಕೊಂಡ ಕೈಯಿಂದ ಅವನು ಇನ್ನೊಬ್ಬರ ಪೂಜೆಗೆ ಪತ್ರಿ ಹರಿಯಲಾರನು. ತುಂಬದಿದ್ದರೆ ಕಚೇರಿ. ಅವನು ಕಚೇರಿಯನ್ನೇ ಆರಿಸಿಕೊಂಡನು, ಅಲ್ಲಿ ಯಾರಾದರೂ ಒಬ್ಬರು, "ಟಿಕೀಟು ಎಲ್ಲಿ?" ಎಂದು ಕೇಳಿಯೇ ಕೇಳುತ್ತಾರೆ ಎಂದು ನಂಬಿದ್ದನು.

ಸಮನ್ಸು ಮರುವರ್ಷದ ಮೇ ತಿಂಗಳಲ್ಲಿ ಬಂದಿತು. ಉದ್ದಪ್ಪನು ಹುಕ್ಕೇರಿಯಿಂದ ಆ ಬಿಸಿಲಿನಲ್ಲಿ, ಕಂಬಳಿ ಮಾರುವ ಕಾಲವಲ್ಲದಿದ್ದರೂ ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು, ಸಾಕ್ಷಿ ಹೇಳಲು ಬಂದನು. "ಸಾಹೇಬ್ರು ಖುಷಿಯಾದ್ರ ಒಂದ ಕಂಬಳಿ ಮಾರತೈತಿ," ಎಂದನು. ಗೋಕಾಕದ ತನಕ ಚಕ್ಕಡಿ, ಮುಂದೆ ಕಚೇರಿಯವರೆಗೆ ಅಣ್ಣಾಸಾಹೇಬರ ಟಾಂಗಾ. ಗೌರವ್ವ ಬುತ್ತಿ ಕಟ್ಟಿಕೊಂಡು ಹಿಂದೆ ಕುಳಿತಿದ್ದಳು.

ಮ್ಯಾಜಿಸ್ಟ್ರೇಟರ ಮುಂದೆ ನಡೆದ ವಿಚಾರಣೆ, ಒಂದು ಎಲೆಯಡಿಕೆ ಹಾಕಿಕೊಂಡು ಉಗುಳುವುದರೊಳಗೆ ಮುಗಿಯಿತು.

"ಗಾಡಿಯಲ್ಲಿ ಟಿಕೀಟು ಕೇಳಿದರೋ?"

"ಕೇಳಿದ್ರರಿ."

"ತೋರಿಸಿದಿಯೋ?"

"ಆಮ್ಯಾಲ ತೋರಿಸೇನ್ರಿ. ಸಾಹೇಬ್ರು ಕಿಸೇದಾಗ ಇಟಗೊಂಡಾರ."

"ಕೇಳಿದಾಗ ತೋರಿಸಿದಿಯೋ ಎಂದು ಕೇಳಿದೆ."

ಮಾಲಿಂಗಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. "ಇಲ್ರಿ," ಎಂದನು.

ಇನ್ಸ್‌ಪೆಕ್ಟರನು, ಇಂಥ ಟಿಕೀಟು ಯಾವುದೂ ಕಾಗದಪತ್ರಗಳ ಜೊತೆಗೆ ಇಲ್ಲವೆಂದು ಹೇಳಿದನು. ಅದು ಖರೆ, ಅದು ಅಲ್ಲಿ ಇರಲಿಲ್ಲ. ಕಿಸೆಯಿಂದ ಎಲ್ಲಿಗೆ ಹೋಯಿತೆಂದು ಕೇಳಬೇಕಾದವರು ಕೇಳಲಿಲ್ಲ. ಉದ್ದಪ್ಪನು ಬಾಯಿ ತೆರೆದಾಗ, ಆರೋಪಿಯ ಒಡನಾಡಿಯೆಂದು ಅವನನ್ನು ಕೂಡ್ರಿಸಿದರು. "ಇವರ ಊರ ನಾ ಇವತ್ತ ಕಂಡೇನ್ರಿ," ಎಂದು ಅವನು ಅಂದದ್ದನ್ನು ಬರೆದುಕೊಳ್ಳಲೂ ಇಲ್ಲ. ದಂಡ ತುಂಬಬೇಕು, ತಪ್ಪಿದರೆ ಏಳು ದಿನ ಸಾದಾ ಕೈದು ಎಂದು ಹುಕುಮಾಯಿತು.

ಅಣ್ಣಾಸಾಹೇಬರು ಕಟಕಟೆಯ ಹಿಂದೆಯೇ ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು. ಮಾಲಿಂಗಪ್ಪನು ಅವರ ಕಡೆಗೆ ತಿರುಗಿ ತಲೆಯಾಡಿಸಿದನು: ಬೇಡ.

ಏಳು ದಿನ ಕುಳಿತು ಬಂದರೆ ಆಯಿತು ಎಂದೇ ಅವನು ತಿಳಿದಿದ್ದನು. ಬೆಳಿಗ್ಗೆ ನೀರು, ಭಸ್ಮ, ಪೂಜೆಗೆ ಮೊಳದಷ್ಟು ನೆಲ. ಅದನ್ನು ಯಾರು ಕಸಿದಾರು? ಕಚೇರಿಯ ಕೈದಿನ ಕೋಣೆಯ ಬಾಗಿಲಲ್ಲಿ ಜಮಾದಾರನು ತಡೆದನು. ಅವನು ಕೆಟ್ಟವನಲ್ಲ; ಇದನ್ನೂ ನ್ಯಾಯವಾಗಿ ಹೇಳಬೇಕು.

"ಕೊರಳಾಗಿಂದ ತಗಿ, ಅಜ್ಜ."

"ಇದು ಲಿಂಗ, ಯಪ್ಪಾ."

"ಲಿಂಗ ಬ್ಯಾಡ ಅನ್ನಾಕತ್ತಿಲ್ಲ. ದಾರ ಬ್ಯಾಡ. ಹೋದ ವರ್ಷ ಒಬ್ಬಾಂವ ಉಡದಾರ ಬಿಚ್ಚಿ ಜಂತಿಗೆ ಹಾಕ್ಕೊಂಡ ಸತ್ತ. ನನ್ನ ಬಡತಿ ಹೋತು. ಈಗ ಹೊಲಿಯೂ ದಾರಾನೂ ಒಳಗ ಬಿಡಂಗಿಲ್ಲ."

"ವಸ್ತ್ರ ಅಷ್ಟರ ಇರ್ಲಿ."

"ಹರದ್ರ ಅದೂ ದಾರಾನ."

ರುಮಾಲು ತೆಗೆಸಿದರು, ವಲ್ಲಿ ತೆಗೆಸಿದರು. ಮೈಮೇಲಿನ ಬಾರಾಬಂದಿ ಅಂಗಿಗೆ ಕಸೆಗಳಿವೆಯೆಂದು ಅದನ್ನೂ ತೆಗೆಸಿದರು. ಉಟ್ಟ ಧೋತರವೊಂದು ಉಳಿಯಿತು. ಹರಿದರೆ ದಾರವಾಗುವ ಬಟ್ಟೆ ಅದೂ ಆಗಿತ್ತೆಂಬುದು ಕಾಯದೆಗೆ ಹೊಳೆಯಲಿಲ್ಲ. ಆದರೆ ಹೊಕ್ಕುಳ ಕೆಳಗೆ ಲಿಂಗವನ್ನು ಕಟ್ಟುವಂತಿಲ್ಲ. ಆದ್ದರಿಂದ ಅದು ಇದ್ದೂ ಉಪಯೋಗವಿಲ್ಲ.

"ನೋಡಜ್ಜ," ಎಂದನು ಜಮಾದಾರ, ಧ್ವನಿ ತಗ್ಗಿಸಿ. "ಧಣ್ಯಾರು ಹೊರಗ ಅದಾರ. ದಂಡ ತುಂಬಿ ಮನಿಗೆ ಹೋಗು. ದಾರಾನೂ ನಿಂದ, ದೇವರೂ ನಿಂದ."

ಮಾಲಿಂಗಪ್ಪನು ಹೊಸ್ತಿಲ ಮೇಲೆ ನಿಂತನು. ಅಂಗಳದಲ್ಲಿ ಗೌರವ್ವ ಬುತ್ತಿಯ ಗಂಟನ್ನು ಹಿಡಿದು ನಿಂತಿದ್ದಳು. ಅವಳ ಪಕ್ಕಕ್ಕೆ ಅಣ್ಣಾಸಾಹೇಬರು. ಒಂದು ಮಾತು ಸಾಕಾಗಿತ್ತು. ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ಸಾತವ್ವನ ಬಾಗಿಲಲ್ಲಿ ನಿಲ್ಲುವುದನ್ನು ಅವನು ಒಮ್ಮೆ ನೆನೆದನು. ಆಮೇಲೆ ಗೋಡೆಗೆ ಮುಖಮಾಡಿ, ಗಂಟನ್ನು ತಾನೇ ಬಿಚ್ಚಿ, ಲಿಂಗವನ್ನು ಎಡದ ಅಂಗೈಗೆ ತೆಗೆದುಕೊಂಡು, ವಸ್ತ್ರವನ್ನೂ ದಾರವನ್ನೂ ಬಲಗೈಯಿಂದ ಜಮಾದಾರನಿಗೆ ಕೊಟ್ಟನು.

"ಹಿಂಗ ಹಿಡಕೊಂಡ ಕುಂಡರ್ತೇನಿ," ಎಂದನು.

ಹಾಗೆಯೇ ಕುಳಿತನು. ಎಡಗೈಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಮೇಲೆ ಬಲಗೈಯ ಮರೆ ಮಾಡಿ, ಗೋಡೆಗೆ ಬೆನ್ನು ಹಚ್ಚದೆ ಕುಳಿತನು. ಬೆನ್ನು ಹಚ್ಚಿದರೆ ಕಣ್ಣು ಹತ್ತುತ್ತದೆ. ಗೌರವ್ವ ಕಚೇರಿಯ ಹತ್ತಿರದ ಮಠವೊಂದರ ಪಡಸಾಲೆಯಲ್ಲಿ ಉಳಿದು, ದಿನಾಲು ಒಂದು ತಂಬಿಗೆ ನೀರು, ರೊಟ್ಟಿ, ನಾಲ್ಕು ಪತ್ರಿ ತರುವಳು. ಅವನು ಅಂಗೈಯಲ್ಲಿಯೇ ಪೂಜೆ ಮಾಡಿ, ಒಂದೇ ಕೈಯಿಂದ ರೊಟ್ಟಿ ಮುರಿಯುವನು.

"ಕಣ್ಣ ಕೆಂಡ ಆಗ್ಯಾವು. ರಾತ್ರಿ ಮಲಗ್ಲಿಲ್ಲಾ?" ಎಂದು ಕೇಳಿದಳು, ಕಂಬಿಯ ಆಚೆಯಿಂದ.

"ಮಲಗಿದ್ರ ಇವನ್ನ ಯಾರ ಹಿಡೀಬೇಕು?"

"ನನ್ನ ಕೈಯಾಗ ಕೊಡ್ರಿ. ಒಂದ ತಾಸ."

"ನಿನ್ನ ಕೊರಳಾಗ ನಿಂದ ಐತಿ. ನಂದು ನಂದು."

ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬುದು ಅವಳಿಗೂ ಗೊತ್ತಿತ್ತು; ಆದರೂ ಕೇಳಿದ್ದಳು. ಅಣ್ಣಾಸಾಹೇಬರು ಗಂಡನಿಗೆ ಹೇಳದೆ ದಂಡ ತುಂಬಿಬಿಡಲಿ ಎಂದು ಅವಳು ಮನಸ್ಸಿನಲ್ಲಿ ಬೇಡಿಕೊಂಡದ್ದೂ ಉಂಟು. ಆದರೆ ತುಂಬುವುದಿಲ್ಲವೆಂದು ಅವರು ಮಾಲಿಂಗಪ್ಪನಿಗೆ ಮಾತು ಕೊಟ್ಟಿದ್ದರು.

ಐದನೆಯ ದಿನ ಮಧ್ಯಾಹ್ನ ಬಿಸಿಲು ಹಂಚನ್ನು ಕಾಯಿಸಿ, ಕೋಣೆ ಒಲೆಯ ಬಾಯಿಯಂತಾಗಿತ್ತು. ಹೊರಗೆ ಜಮಾದಾರನು ಮಂಚದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದನು. ಮಾಲಿಂಗಪ್ಪನು ತನ್ನ ಗಿಡಗಳನ್ನು ನೆನೆಯುತ್ತ ಕುಳಿತಿದ್ದನು. ಯಾವ ಗಿಡದಲ್ಲಿ ಎಳೆ ಪತ್ರಿ ಬಂದಿರಬಹುದು, ಹುಳ ಹತ್ತಿದ ಟೊಂಗೆಯನ್ನು, ಊರಲ್ಲಿ ಅವನ ಬದಲು ಪತ್ರಿ ಹರಿಯುತ್ತಿದ್ದ ಗೌರವ್ವನ ತಮ್ಮನಾದರೂ ಕಡಿದನೋ ಇಲ್ಲವೋ. ಒಂದು ಗಿಡದ ಕೆಳಗೆ ತಂಪಾದ ನೆರಳಿತ್ತು. ಅವನು ಅಲ್ಲಿ ಹೋಗಿ ನಿಂತನು.

ನೆಲದ ಮೇಲೆ ಸಣ್ಣದೊಂದು ಸಪ್ಪಳವಾಯಿತು. ಹುಣಸೆಯ ಬೀಜ ಬಿದ್ದಷ್ಟೇ ಸಪ್ಪಳ.

ಅವನು ಕಣ್ಣು ತೆರೆದಾಗ ಅಂಗೈ ಬರಿದಾಗಿತ್ತು. ಲಿಂಗವು ಅವನ ಪಾದದ ಹತ್ತಿರ, ಮಣ್ಣಿನ ನೆಲದ ಮೇಲೆ ಬಿದ್ದಿತ್ತು. ಅದರ ಮೇಲೆ ಹಚ್ಚಿದ ಕಂತಿಯ ಕರಿಯ ಲೇಪದಲ್ಲಿ ಕೂದಲೆಳೆಯಷ್ಟು ಬಿರುಕು. ಅವನು ಅದನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ಎಡದ ಅಂಗೈಯಲ್ಲಿಟ್ಟುಕೊಂಡನು. ಸಂಜೆ ಗೌರವ್ವ ರೊಟ್ಟಿ ತಂದಾಗ, ಹಸಿವಿಲ್ಲವೆಂದನು. ಮರುದಿನವೂ ಹಸಿವಿರಲಿಲ್ಲ.

ಬಿಡುಗಡೆಯ ದಿನ ಜಮಾದಾರನು ದಾರವನ್ನೂ ವಸ್ತ್ರವನ್ನೂ ಮಡಿಕೆ ಕೆಡದಂತೆ ತಂದು ಕೊಟ್ಟನು. "ತಗೋ ಅಜ್ಜ. ಸಿಟ್ಟ ಇಟ್ಟಕೋಬ್ಯಾಡ."

ಮಾಲಿಂಗಪ್ಪನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿದನು. ಆದರೆ ಕೊರಳಿಗೆ ಕಟ್ಟಿಕೊಳ್ಳದೆ, ಎರಡೂ ಕೈಯಲ್ಲಿ ಹಿಡಿದು ನಿಂತನು.

"ಕಟಗೋರಿ," ಎಂದಳು ಗೌರವ್ವ.

"ಮನಿಗೆ ಹೋಗೂನ ನಡಿ."

ಟಾಂಗಾದಲ್ಲಿಯೂ ಕಟ್ಟಲಿಲ್ಲ, ಚಕ್ಕಡಿಯಲ್ಲಿಯೂ ಕಟ್ಟಲಿಲ್ಲ. ಮನೆಗೆ ಬಂದು, ಅದನ್ನು ದೇವರ ಜಗಲಿಯ ಮೇಲಿಟ್ಟು, ದೂರ ಸರಿದು ಕುಳಿತ ಮೇಲೆಯೇ, ಅದು ಕೈಯಿಂದ ಬಿದ್ದದ್ದನ್ನು ಅವನು ಹೇಳಿದ್ದು.

ಅಯ್ಯನವರು ತಾವಾಗಿಯೇ ಮನೆಗೆ ಬಂದರು. ವಯಸ್ಸಾದವರು, ಮಾಲಿಂಗಪ್ಪನಿಗೆ ಮೊದಲು ಲಿಂಗ ಕಟ್ಟಿದವರು ಅವರ ತಂದೆ. ಅವರು ಬೈಯಲಿಲ್ಲ.

"ಕಂತಿ ಹೊಸಾದ ಮಾಡಸೂನು. ಪೂಜಿ ಮಾಡಿ ಮತ್ತ ಕಟ್ತೇನಿ. ತಪ್ಪ ನಿಂದಲ್ಲೋ ತಮ್ಮಾ. ಕೊರಳಾಗಿಂದ ಬಿಚ್ಚಿಸಿದವರದು."

"ಬಿಚ್ಚಿಸಿದವರು ದಾರ ಬಿಚ್ಚಿಸಿದ್ರರಿ. ಲಿಂಗ ಕೊಟ್ಟಿದ್ರು. ನಿದ್ದಿ ನಂದರಿ."

"ನಿದ್ದಿ ದೇಹದ ಗುಣ."

"ಹೌದ್ರಿ ಅಯ್ಯನವರ."

"ಹಂಗಾದ್ರ ಸೋಮವಾರ ಕಟಗೋ."

"ಶ್ರಾವಣದಾಗ ನೋಡೂನ್ರಿ," ಎಂದನು. ಹಿರಿಯರಿಗೆ ಇಲ್ಲವೆನ್ನಲು ಬಾರದವನ ಉತ್ತರ ಅದು.

ಅಂದಿನಿಂದ ಅವನು ಬುಟ್ಟಿ ಹಿಡಿಯಲಿಲ್ಲ. ಗೌರವ್ವ ಪತ್ರಿ ಹರಿದು ತರುವಳು. ಅವನು ಕಟ್ಟೆಯ ಮೇಲೆ ಕುಳ್ಳಿರುವನು. ಹುಳ ತಿಂದ ಎಲೆ ಕಂಡರೆ ಬೆರಳಿನಿಂದ ತೋರಿಸುವನು, ಮುಟ್ಟಲಾರನು. ಲಿಂಗಕ್ಕೆ ತೋರಿಸದೆ ಅನ್ನ ಮುಟ್ಟಿ ಗೊತ್ತಿಲ್ಲದ ಕೈ. ಜಗಲಿಯ ಮೇಲಿದ್ದ ಲಿಂಗದ ಕಡೆಗೆ ಹೋಗಲೊಲ್ಲದ ಕಾಲು. ಗೌರವ್ವ ಅತ್ತು ಕರೆದು ಒಂದು ಬಟ್ಟಲು ಅಂಬಲಿ ಕುಡಿಸಿದರೆ ಅದೇ ಊಟ. ಸಾತವ್ವ ಒಂದು ದಿನ ಕೋಲೂರಿಕೊಂಡು ಬಂದು ಅವನ ಮುಂದೆ ಕುಳಿತಳು.

"ನಾ ನಗಚಾಟಗಿ ಮಾಡೇನಿ, ಮಗನ. ನನ್ನ ನಾಲಗಿ ಸೀಳು. ನಿನ್ನ ಕೈಲೆ ಒಂದ ಎಲಿ ಕೊಡು, ಸಾಕು."

"ಗೌರಿ ಕೊಡ್ತಾಳ ತಗೋ ಎವ್ವ," ಎಂದನು. "ಅಕಿ ಕೈ ಬೇಶ್ ಐತಿ."

ಉದ್ದಪ್ಪನೂ ಹುಕ್ಕೇರಿಯಿಂದ ಎರಡು ಸಲ ಬಂದು ಹೋದನು. ಎರಡನೆಯ ಸಲ ಚೇಷ್ಟೆ ಮಾಡಲಿಲ್ಲ. ಮಾಲಿಂಗಪ್ಪನು ಅವನನ್ನು ಕೇಳಿದ್ದು ಒಂದೇ ಮಾತು: "ನೀ ನೋಡೀಯಲ್ಲ ಖರೆ? ನಾ ಟಿಕೀಟ ತಗಸಿದ್ದು?"

"ನೋಡೇನಿ, ಕಾಕಾ. ಬಾವಿ ಹಂತ್ಯಾಕ. ಎರಡೂ ಕಣ್ಣಲೆ ನೋಡೇನಿ."

"ಹಂ," ಎಂದು ಅವನು ಕಣ್ಣು ಮುಚ್ಚಿದನು.

ಶ್ರಾವಣ ಬಂದಿತು. ಪತ್ರಿಗೆ ಬೇಡಿಕೆ ಹೆಚ್ಚಿ, ಗೌರವ್ವನಿಗೆ ಕೈ ಸಾಲದ ತಿಂಗಳು. ೧೯೩೫ನೆಯ ಇಸವಿ ಆಗಸ್ಟ್ ಹನ್ನೆರಡು, ಶ್ರಾವಣದ ಎರಡನೆಯ ಸೋಮವಾರ. ಅವಳು ಮನೆಮನೆಗೆ ಪತ್ರಿ ಕೊಟ್ಟು ಮರಳಿ ಬಂದಾಗ ಮಾಲಿಂಗಪ್ಪನು ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದನು. ಬೆನ್ನು ಹಚ್ಚಿದ್ದನ್ನು ನೋಡಿಯೇ ಅವಳಿಗೆ ತಿಳಿಯಿತು.

ಲಿಂಗವಂತರ ಶವವನ್ನು ಸುಡುವುದಿಲ್ಲ. ಕುಳ್ಳಿರಿಸಿ ಮಣ್ಣು ಕೊಡುತ್ತಾರೆ, ಎಡದ ಅಂಗೈಯಲ್ಲಿ ಅವರವರ ಲಿಂಗವನ್ನಿಟ್ಟು. ಅಯ್ಯನವರು ಜಗಲಿಯಿಂದ ಲಿಂಗವನ್ನು ತಂದು, ಸಮಾಧಿಯ ಗವಿಯೊಳಗೆ ಕುಳ್ಳಿರಿಸಿದ ಮಾಲಿಂಗಪ್ಪನ ಕೈಯಲ್ಲಿಟ್ಟು, ಬೆರಳುಗಳನ್ನು ಮುಚ್ಚಿದರು. ಹಿಡಿ ಮಣ್ಣು ಹಾಕಲು ಬಂದ ಗೌರವ್ವ ಗವಿಯ ಅಂಚಿನಲ್ಲಿ ಬಗ್ಗಿ ಹೇಳಿದಳು:

"ಇನ್ನ ನಿದ್ದಿ ಮಾಡ್ರಿ. ಬೀಳೂದಿಲ್ಲ."

ಲಿಂಗವಸ್ತ್ರವೂ ಶಿವದಾರವೂ ಅವಳ ಹತ್ತಿರ ಇವೆ. ವಸ್ತ್ರದ ಹೊರಗಿನ ಮಡಿಕೆಯಲ್ಲಿ, ಟಿಕೀಟು ಇರುತ್ತಿದ್ದ ಜಾಗದಲ್ಲಿ, ಮಾಸಿದ ಒಂದು ಚೌಕಾಕಾರದ ಗುರುತಿದೆ. ನೋಡಬೇಕೆನ್ನುವವರಿಗೆ ಅವಳು ತೋರಿಸುತ್ತಾಳೆ.

ರೈಲ್ವೆ ಕಂಪನಿಯ ಅಧಿಕಾರಿಗಳೇ, ದಂಡದ ಬಾಕಿಗೆ ಬದಲಾಗಿ ಏಳು ದಿನದ ಕೈದು ನಿಮಗೆ ಸಂದಿದೆ. ಮಾಲಿಂಗಪ್ಪ ಹೂಗಾರನು ನಿಮಗೆ ಏನನ್ನೂ ಕೊಡಬೇಕಾಗಿಲ್ಲ. ನೀವು ಕೊಡಬೇಕಾದದ್ದು ಉಳಿದಿದೆ. ನವೆಂಬರ ಹನ್ನೆರಡರ ಮಿರಜಿಯ ಆ ಟಿಕೀಟು ಎಲ್ಲಿದೆಯೆಂದು ನಿಮ್ಮ ಇನ್ಸ್‌ಪೆಕ್ಟರನನ್ನು ಕೇಳಿರಿ, ಮತ್ತು ಟಿಕೀಟಿಲ್ಲದವನೆಂದು ಬರೆದ ಹೆಸರನ್ನು ಹೊಡೆದು ಹಾಕಿರಿ. ಕಚೇರಿಯ ಅಧಿಕಾರಿಗಳೇ, ನಿಮ್ಮ ಕೋಣೆಯೊಳಗೆ ಬರುವ ಲಿಂಗವಂತನ ಕೊರಳಿನ ದಾರವನ್ನು ಇನ್ನು ಮೇಲೆ ಬಿಚ್ಚಿಸಬೇಡಿರಿ. ಅಂಜಿಕೆಯಿದ್ದರೆ ಹಗಲೂ ರಾತ್ರಿಯೂ ಕಾವಲು ಕುಳಿತುಕೊಳ್ಳಿರಿ, ಅವನು ಕುಳಿತ ಹಾಗೆ. ಟಿಕೀಟನ್ನು ಟಪಾಲಿನಲ್ಲಿ ಕಳಿಸಬೇಡಿರಿ. ತೆಗೆದುಕೊಂಡವನೇ ಮೂಡಲಗಿಗೆ ತಂದು ಗೌರವ್ವನ ಕೈಯಲ್ಲಿ ಕೊಡಲಿ. ಕೈಕಾಲು ತೊಳೆಯಲು ಅವಳು ನೀರು ಕೊಡುತ್ತಾಳೆ.